ಸಿಮೆಂಟ್ ಪರ್ಮಿಟ್‌ನಿಂದ ಹೊಯ್ಗೆ ಪರ್ಮಿಟ್‌ವರೆಗೆ

1974ರ ಮಾರ್ಚ್ 1ರಂದು ಕರ್ನಾಟಕದ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ಕುಂದಾಪುರ ಸೀಮೆಯಲ್ಲಿ ಅದರ ಫಲ ಮೊದಲು ಗದ್ದೆಯಲ್ಲಿ, ಆಮೇಲೆ ಮನೆಯ ಗೋಡೆಯಲ್ಲಿ ಕಾಣಿಸಿತು. ಧಣಿಯ ನೆಲದಲ್ಲಿ ಮಣ್ಣಿನ ಗೋಡೆ ಎಬ್ಬಿಸಿ ಹುಲ್ಲಿನ ಮಾಡು ಹೊದೆಸಿಕೊಂಡಿದ್ದ ಚಾಲಗೇಣಿ ಒಕ್ಕಲು, ಡಿಕ್ಲರೇಶನ್ ಕೊಟ್ಟು ಪಟ್ಟೆದಾರನಾದ. ಯಾರೂ ಎಬ್ಬಿಸಲಾರರು ಎಂದು ಖಾತ್ರಿಯಾದ ಮೇಲೆ ಮುರಕಲ್ಲಿನ ಗೋಡೆ, ಹಂಚಿನ ಮಾಡಿನ ಯೋಚನೆ ಮಾಡಿದ. ಬೊಂಬಾಯಿ, ಬೆಂಗಳೂರಿನ ಹೋಟೆಲುಗಳಲ್ಲಿ ದುಡಿಯುತ್ತಿದ್ದ ತಮ್ಮನೋ ಮಗನೋ ಕಳಿಸಿದ ಮನಿಯಾರ್ಡರು ಆ ಯೋಚನೆಗೆ ಬಲ ಕೊಟ್ಟಿತು. ಕೊಲ್ಲಿ ದೇಶಗಳ ಹಣ ಬಂದದ್ದು ಇನ್ನೂ ಸ್ವಲ್ಪ ಆಚೆಗೆ.

ಕಲ್ಲು ಪಕ್ಕದ ಹಾಡಿಯಲ್ಲೇ ಇತ್ತು. ಹಂಚಿಗೂ ದೂರ ಹೋಗಬೇಕಿರಲಿಲ್ಲ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿನ ಉದ್ಯಮ ಕರಾವಳಿಯ ಉದ್ದಕ್ಕೂ ಹಬ್ಬಿ, ಜೇಡಿಮಣ್ಣು ಮತ್ತು ಹೊಳೆ ಎರಡೂ ಇದ್ದ ಕಡೆಯಲ್ಲೆಲ್ಲ ಒಂದೊಂದು ಚಿಮಣಿ ಎದ್ದಿತ್ತು. ಹೊಯ್ಗೆ, ಅಂದರೆ ಮರಳು, ಅಂತೂ ಹೊಳೆಯಲ್ಲಿ ಬಿದ್ದಿತ್ತು. ಇಳಿತದ ಹೊತ್ತು ನೋಡಿಕೊಂಡು ಮೂರ್ನಾಲ್ಕು ಜನ ದೋಣಿಯಲ್ಲಿ ಹೋಗಿ, ಬಿದಿರಿನ ಗಳು ಊರಿ, ಮುಳುಗಿ ಬುಟ್ಟಿಯಲ್ಲಿ ಎತ್ತಿ ತುಂಬುವರು. ದಕ್ಕೆಗೆ ತಂದು ಸುರಿದರೆ ಎತ್ತಿನ ಗಾಡಿ ಕಾದಿರುವುದು. ವಾರಾಹಿ, ಸೌಪರ್ಣಿಕೆ, ಚಕ್ರಾ, ಸೀತಾ, ಸುವರ್ಣಾ, ಈ ಸೀಮೆಯ ಯಾವ ಹೊಳೆಯ ದಡದಲ್ಲೂ ಇದೇ ಕ್ರಮ. 1957ರ ಗಣಿ ಕಾಯ್ದೆಯ ಪ್ರಕಾರ ಹೊಯ್ಗೆ ಆಗಲೂ ‘ಉಪಖನಿಜ’ವೇ, ಸರಕಾರದ ಸೊತ್ತೇ. ಆದರೆ ಆ ಕಾಯ್ದೆ ದಕ್ಕೆಯವರೆಗೆ ಇಳಿದು ಬಂದಿರಲಿಲ್ಲ.

ಸಿಗದೇ ಇದ್ದದ್ದು ಸಿಮೆಂಟ್.

1967ರ ಸಿಮೆಂಟ್ ನಿಯಂತ್ರಣ ಆದೇಶದ ಪ್ರಕಾರ ಅದರ ಬೆಲೆ ಮತ್ತು ಹಂಚಿಕೆ ಎರಡೂ ಸರಕಾರದ ಕೈಯಲ್ಲಿದ್ದವು. ಮನೆ ಕಟ್ಟುವವನು ಅರ್ಜಿ ಬರೆದು, ನಕ್ಷೆ ಲಗತ್ತಿಸಿ, ತಾಲೂಕು ಕಚೇರಿಗೆ ಕೊಡಬೇಕು. ಪರ್ಮಿಟ್ ಬಂದರೆ ಅದರಲ್ಲಿ ನಮೂದಾದಷ್ಟೇ ಚೀಲ, ಅದೂ ಅಂಗಡಿಗೆ ಸರಕು ಬಂದ ದಿನ. ಬೈಂದೂರು, ಶಿರೂರು ಕಡೆಯವರಿಗೆ ತಾಲೂಕು ಕಚೇರಿ ಎಂದರೆ ಕುಂದಾಪುರ. ಬ್ರಹ್ಮಾವರ, ಬಾರಕೂರು, ಕೋಟದವರಿಗೆ ಉಡುಪಿ. ಜಿಲ್ಲಾಧಿಕಾರಿ ಕುಳಿತದ್ದು ಮಂಗಳೂರಿನಲ್ಲಿ. ಹೀಗಾಗಿ ಆ ಕಾಲದ ಮೇಸ್ತ್ರಿಗಳು ಸಿಮೆಂಟನ್ನು ನಂಬಿ ಕೆಲಸ ಹಿಡಿಯಲಿಲ್ಲ. ಗೋಡೆಗೆ ಮಣ್ಣು ಅಥವಾ ಸುಣ್ಣದ ಗಾರೆ, ಮಾಡಿಗೆ ಮರ ಮತ್ತು ಹಂಚು. ನೆಲಕ್ಕೂ ಬಚ್ಚಲಿಗೂ ಮಾತ್ರ ನಾಲ್ಕು ಚೀಲ ಸಿಮೆಂಟ್. ಅವತ್ತಿನ ಮನೆಗಳು ಇವತ್ತೂ ತಂಪಾಗಿವೆ ಎಂದು ಹೊಗಳುವಾಗ ಅದರಲ್ಲಿ ಪೂರ್ವಜರ ಜಾಣ್ಮೆ ಎಷ್ಟು, ಸಿಮೆಂಟ್ ಪರ್ಮಿಟ್ಟಿನ ಪಾತ್ರ ಎಷ್ಟು ಎಂದು ಲೆಕ್ಕ ಹಾಕಿದವರು ಕಡಿಮೆ.

ಪರ್ಮಿಟ್ ಇದ್ದಲ್ಲಿ ಕಾಳಸಂತೆ ಇದ್ದೇ ಇರುತ್ತದೆ. ಅದರ ದೊಡ್ಡ ರೂಪ ಬಯಲಾದದ್ದು ಮಹಾರಾಷ್ಟ್ರದಲ್ಲಿ. ಸಿಮೆಂಟ್ ಹಂಚಿಕೆಗೂ ಟ್ರಸ್ಟುಗಳಿಗೆ ಬಂದ ದೇಣಿಗೆಗೂ ನಂಟಿದೆ ಎಂದು ಬೊಂಬಾಯಿ ಹೈಕೋರ್ಟ್ ಹೇಳಿದ ಮೇಲೆ ಮುಖ್ಯಮಂತ್ರಿ ಎ. ಆರ್. ಅಂತುಳೆ 1982ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಮರುತಿಂಗಳ 28ರಂದು ಕೇಂದ್ರ ಸರಕಾರ ಸಿಮೆಂಟನ್ನು ಅರ್ಧ ಬಿಡುಗಡೆ ಮಾಡಿತು: ಒಂದು ಪಾಲು ಲೆವಿ, ಉಳಿದದ್ದು ಮುಕ್ತ ಮಾರಾಟ. 1989ರ ಮಾರ್ಚ್ 1ರಂದು ಉಳಿದ ನಿಯಂತ್ರಣವೂ ಹೋಯಿತು. ಭೂಸುಧಾರಣೆ ಜಾರಿಯಾಗಿ ಸರಿಯಾಗಿ 15 ವರ್ಷ. ಅಂದಿನಿಂದ ಹೆಮ್ಮಾಡಿಯಲ್ಲೂ ಉಪ್ಪುಂದದಲ್ಲೂ ದುಡ್ಡಿದ್ದವನು ಅಂಗಡಿಗೆ ಹೋಗಿ ಬೇಕಾದಷ್ಟು ಚೀಲ ಹೊತ್ತು ತರಬಹುದಾಯಿತು.

ಸಣ್ಣ ಕಾಂಟ್ರಾಕ್ಟರ್ ಎಂಬ ಮನುಷ್ಯ ಈ ಸೀಮೆಯಲ್ಲಿ ಹುಟ್ಟಿದ್ದು ಆಗ. ಅದಕ್ಕೆ ಮೊದಲು ಇದ್ದವನು ಮೇಸ್ತ್ರಿ. ದಿನಗೂಲಿಗೆ ಕಲ್ಲು ಕಟ್ಟುವವನು, ಸಾಮಾನು ಒದಗಿಸುವುದು ಮನೆಯ ಯಜಮಾನನ ಕೆಲಸ. ಸಿಮೆಂಟ್ ಸಲೀಸಾಗಿ ಸಿಗತೊಡಗಿ, ತಾರಸಿ ಮನೆಯ ಹಂಬಲ ಹಬ್ಬಿದಾಗ ಚುರುಕಾದ ಮೇಸ್ತ್ರಿಗಳು ಚದರಡಿ ಲೆಕ್ಕಕ್ಕೆ ಇಡೀ ಮನೆಯನ್ನೇ ಒಪ್ಪಿಕೊಂಡರು. ಕಲ್ಲು, ಹೊಯ್ಗೆ, ಜಲ್ಲಿ, ಕಬ್ಬಿಣ, ಸೆಂಟ್ರಿಂಗ್ ಎಲ್ಲ ಅವರದ್ದೇ. ಮನೆ ಒಕ್ಕಲಿನ ದಿನ ಬೀಗದ ಕೈ ಕೊಡುವುದು. ಇವರಿಗೆ ಕಚೇರಿಯಿಲ್ಲ, ಗುಮಾಸ್ತನಿಲ್ಲ, ಒಂದು ಬೈಕು ಮತ್ತು ಒಂದು ಡೈರಿ. ಒಂದು ಮನೆಯಿಂದ ಬಂದ ಅಡ್ವಾನ್ಸನ್ನು ಇನ್ನೊಂದು ಮನೆಯ ಸ್ಲ್ಯಾಬಿಗೆ ಹಾಕಿ, ಮೂರನೆಯದರ ಹಣದಿಂದ ಮೊದಲನೆಯದರ ಟೈಲ್ಸ್ ಮುಗಿಸುವ ವ್ಯವಹಾರ. ಕೆಲಸ ಓಡುತ್ತಿರುವವರೆಗೆ ಎಲ್ಲ ಸರಿ. ಒಂದು ತಿಂಗಳು ನಿಂತರೆ ಎಲ್ಲ ಒಟ್ಟಿಗೆ ನಿಲ್ಲುತ್ತದೆ. ಮುಂದಿನ ಕಥೆಯಲ್ಲಿ ಈ ಒಂದು ಅಂಶವನ್ನು ನೆನಪಿಟ್ಟುಕೊಳ್ಳಬೇಕು.

ಮೇಸ್ತ್ರಿಯ ಕ್ಯಾಲೆಂಡರನ್ನೂ ಹೇಳಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಪಾಯ ತೋಡುವಂತಿಲ್ಲ, ಕಲ್ಲು ಕೋರೆಯಲ್ಲಿ ನೀರು, ಹೊಳೆ ತುಂಬಿ ಕೆಂಪು. ದಸರಾ ಕಳೆದು ದೀಪಾವಳಿ ಬರುವಾಗ ಕೆಲಸ ಹತ್ತಿಕೊಂಡರೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ಹೊತ್ತಿಗೆ ಮಾಡು ಬಿದ್ದಿರಬೇಕು. ಏಳೆಂಟು ತಿಂಗಳಲ್ಲಿ ವರ್ಷದ ಅನ್ನ ದುಡಿಯುವ ಕಸುಬು.

1990ರ ದಶಕದಲ್ಲಿ ಈ ಕಸುಬು ಬೆಳೆಯಿತು. ಕೊಂಕಣ ರೈಲು ಬಂತು, 1997ರ ಆಗಸ್ಟಿನಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು, ಬೆಂಗಳೂರಿನ ಬೇಕರಿ, ಹೋಟೆಲುಗಳ ಲಾಭ ಊರಿನ ಮನೆಗಳಲ್ಲಿ ಎರಡನೆಯ ಮಹಡಿಯಾಯಿತು. ಹೊಳೆ ಅದರ ಬೆಲೆ ತೆತ್ತಿತು. ದೋಣಿಯ ಜಾಗಕ್ಕೆ ಯಂತ್ರ ಬಂತು, ಗಾಡಿಯ ಜಾಗಕ್ಕೆ ಟಿಪ್ಪರ್. ಊರಿನ ಅಗತ್ಯಕ್ಕೆ ಮಾತ್ರ ಹೊಯ್ಗೆ ಎತ್ತಿದ್ದರೆ ಅಷ್ಟು ಹಾಳಾಗುತ್ತಿರಲಿಲ್ಲವೋ ಏನೋ. ಆದರೆ ಬೆಂಗಳೂರಿನಲ್ಲಿ ಕರಾವಳಿಯ ಹೊಯ್ಗೆಗೆ ಚಿನ್ನದ ಬೆಲೆ ಎಂದು ಗೊತ್ತಾದ ಮೇಲೆ ರಾತ್ರಿ ಹೊತ್ತು ಘಾಟಿ ಹತ್ತುವ ಲಾರಿಗಳು ಹೆಚ್ಚಿದವು. ಹೊಳೆಯ ತಳ ತಗ್ಗಿದಂತೆ ಉಬ್ಬರದ ಉಪ್ಪುನೀರು ಇನ್ನಷ್ಟು ಒಳಗೆ ನುಗ್ಗುತ್ತದೆ. ದಡ ಕುಸಿಯುತ್ತದೆ, ತೋಟದ ಬಾವಿ ಸಪ್ಪೆಯಾಗಿ ಉಳಿಯುವುದಿಲ್ಲ, ಸೇತುವೆಯ ಕಾಲು ಬರಿದಾಗುತ್ತದೆ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಮೂಲಾರಪಟ್ಣದಲ್ಲಿ ಫಲ್ಗುಣಿ ಹೊಳೆಯ ಸೇತುವೆ ಕುಸಿದು ಬಿದ್ದಾಗ ಊರವರು ಮೊದಲು ಬೆರಳು ತೋರಿಸಿದ್ದು ಮರಳುಗಾರಿಕೆಯ ಕಡೆಗೆ. ಆದ್ದರಿಂದ ನಿಯಮವೇ ಬೇಡ ಎನ್ನುವವರ ಜೊತೆ ನಾನಿಲ್ಲ. ನಿಯಮ ಬಂದ ರೀತಿಯ ಬಗ್ಗೆ ಮಾತ್ರ ನನ್ನ ತಕರಾರು.

ಅದು ಬಂದದ್ದು ದೆಹಲಿಯಿಂದ, ಕಂತು ಕಂತಾಗಿ. ಮೊದಲ ಕಂತು 1991ರ ಫೆಬ್ರವರಿ 19ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಜನ ಸಿಆರ್‌ಝಡ್ ಎಂದು ಕರೆಯುವುದು. ಈ ವಲಯ ಕಡಲ ದಡಕ್ಕೆ ಮುಗಿಯುವುದಿಲ್ಲ. ಉಬ್ಬರದ ನೀರು ಹೋಗುವ ಹೊಳೆಯ ಒಳಗೂ ಹಿಂಬಾಲಿಸುತ್ತದೆ. ಎಲ್ಲಿಯವರೆಗೆ ಎಂಬುದಕ್ಕೆ 2011ರ ಅಧಿಸೂಚನೆ ಒಂದು ಅಳತೆ ಕೊಟ್ಟಿತು: ವರ್ಷದ ಅತಿ ಒಣ ದಿನಗಳಲ್ಲಿ ಲೀಟರ್ ನೀರಿನಲ್ಲಿ 5 ಗ್ರಾಂ ಉಪ್ಪು ಸಿಗುವಲ್ಲಿಯವರೆಗೆ. ಕುಂದಾಪುರದಲ್ಲಿ ಐದು ಹೊಳೆಗಳು ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲಿಗೆ ಇಳಿಯುತ್ತವೆ. ಸೀತಾ, ಸುವರ್ಣಾ ಎರಡೂ ಕೋಡಿಬೆಂಗ್ರೆಯ ಅಳಿವೆಯಲ್ಲಿ ಸೇರುತ್ತವೆ. ನೆಲ ತಗ್ಗು, ಉಬ್ಬರ ಉದ್ದ. ಅಂದರೆ ಈ ಸೀಮೆಯ ಜನ ತಲೆತಲಾಂತರದಿಂದ ಹೊಯ್ಗೆ ಎತ್ತುತ್ತಿದ್ದ ಜಾಗಗಳಲ್ಲಿ ಬಹುಪಾಲು ಸಿಆರ್‌ಝಡ್ ಒಳಗೇ ಬಿತ್ತು. ಅಲ್ಲಿ ಮರಳು ಗಣಿಗಾರಿಕೆ ನಿಷಿದ್ಧ. ಇಪ್ಪತ್ತು ವರ್ಷ ಈ ನಿಷೇಧ ಕಾಗದದಲ್ಲಿತ್ತು, ಹೊಳೆಯಲ್ಲಿ ಇರಲಿಲ್ಲ.

2011ರಲ್ಲಿ ಅಧಿಸೂಚನೆ ಹೊಸದಾದಾಗ ಪರಿಸರ ಸಚಿವಾಲಯಕ್ಕೆ ಈ ತೊಡಕು ಅರಿವಾಯಿತು. ಅದು ಹುಡುಕಿದ ದಾರಿ ವಿಚಿತ್ರವಾದದ್ದು. ಮರಳು ‘ಗಣಿಗಾರಿಕೆ’ ಕೂಡದು, ಆದರೆ ಹೊಳೆಯಲ್ಲಿ ಬೆಳೆದ ಮರಳು ‘ದಿಬ್ಬ’ ಮೀನುಗಾರಿಕೆ ದೋಣಿಗೆ ಅಡ್ಡಿಯಾದರೆ ತೆರವು ಮಾಡಬಹುದು. ತೆರವು ಮಾಡುವವರು ಸಾಂಪ್ರದಾಯಿಕ ಕರಾವಳಿ ಸಮುದಾಯದವರೇ ಆಗಿರಬೇಕು, ಕೈಯಿಂದಲೇ ಎತ್ತಬೇಕು, ಯಂತ್ರ ಇಳಿಸಬಾರದು. ಎತ್ತಿದ ಹೊಯ್ಗೆಯನ್ನು ಕಟ್ಟಡಕ್ಕೆ ಕೊಡಬಹುದು. ಒಂದು ಕಸುಬನ್ನು ಕಸುಬು ಎಂದು ಒಪ್ಪದೆ, ಬೇರೆ ಯಾವುದೋ ಕೆಲಸದ ಉಪಫಲ ಎಂದು ಬರೆದುಕೊಂಡು ನಡೆಸಿದ ಏರ್ಪಾಡು ಇದು. ಓದಿದರೆ ಬಡವರ ಪರವಾಗಿಯೇ ಇದೆ. ದೋಣಿಯವನಿಗೆ ಮೊದಲ ಹಕ್ಕು, ಯಂತ್ರಕ್ಕೆ ನಿಷೇಧ. ಇದಕ್ಕಿಂತ ಒಳ್ಳೆಯ ಉದ್ದೇಶ ಬೇಕೆ?

ಆದರೆ ದಿಬ್ಬವನ್ನು ದಿಬ್ಬ ಎಂದು ಹೇಳುವವರು ಯಾರು? ಅದಕ್ಕೆ ಹೊಳೆಯ ಆಳದ ಸರ್ವೆ ಆಗಬೇಕಿತ್ತು. ಸುರತ್ಕಲ್‌ನ ಎನ್‌ಐಟಿಕೆ ತಜ್ಞರು ಬರಬೇಕಿತ್ತು. ವರದಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಏಳು ಜನರ ಸಮಿತಿಗೆ ಹೋಗಬೇಕಿತ್ತು. ಅಲ್ಲಿಂದ ಬೆಂಗಳೂರಿನ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ. ಒಪ್ಪಿಗೆ ಬಂದ ಮೇಲೆ ಅರ್ಜಿದಾರ ಸಾಂಪ್ರದಾಯಿಕನೇ ಎಂಬ ಪರಿಶೀಲನೆ, ದೋಣಿಯ ನೋಂದಣಿ, ವಾಹನಕ್ಕೆ ಜಿಪಿಎಸ್, ಲೋಡಿಗೊಂದು ಟ್ರಿಪ್‌ಶೀಟ್. ಮಳೆಗಾಲದಲ್ಲಿ ಹೊಳೆ ಹೊಸ ದಿಬ್ಬ ಕಟ್ಟುವುದರಿಂದ ಹಳೆಯ ಸರ್ವೆ ನಡೆಯುತ್ತಿರಲಿಲ್ಲ, ಪ್ರತಿ ಸಲವೂ ಹೊಸದು. ಮಳೆ ನಿಂತ ಮೇಲೆ ಸರ್ವೆ ಶುರುವಾದರೆ ಪರ್ಮಿಟ್ ಕೈಗೆ ಬರುವಾಗ ಕೆಲಸದ ಹಂಗಾಮಿನ ಅರ್ಧ ಕಳೆದಿರುತ್ತಿತ್ತು. ಮುಂದಿನ ಜೂನ್‌ನಲ್ಲಿ ಮತ್ತೆ ನಿಲುಗಡೆ. ಹೊಳೆಯ ಕ್ಯಾಲೆಂಡರ್, ಮೇಸ್ತ್ರಿಯ ಕ್ಯಾಲೆಂಡರ್, ಕಚೇರಿಯ ಕ್ಯಾಲೆಂಡರ್ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದವರು ಯಾರೂ ಇರಲಿಲ್ಲ ಎಂದೇ ಅನಿಸುತ್ತದೆ.

ಉಪ್ಪುನೀರಿನ ಗಡಿಯಿಂದ ಮೇಲಿನ ಹೊಳೆಗೆ ಬೇರೆ ಕಾನೂನು. ಹರಿಯಾಣದ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 27ರಂದು, 5 ಹೆಕ್ಟೇರಿಗಿಂತ ಸಣ್ಣ ಉಪಖನಿಜ ಗಣಿಗೂ ಪರಿಸರ ಅನುಮತಿ ಬೇಕೆಂದಿತು. ಮರುವರ್ಷ ಉತ್ತರ ಪ್ರದೇಶದಲ್ಲಿ ಮರಳು ದಂಧೆಯ ಮೇಲೆ ಕೈಯಿಟ್ಟ ಐಎಎಸ್ ಅಧಿಕಾರಿ ದುರ್ಗಾಶಕ್ತಿ ನಾಗಪಾಲ್ ಅಮಾನತಾದಾಗ ಎದ್ದ ಗದ್ದಲದ ನಡುವೆ, ಆಗಸ್ಟ್ 5ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಸರ ಅನುಮತಿ ಇಲ್ಲದ ಮರಳುಗಾರಿಕೆಯನ್ನು ದೇಶದಾದ್ಯಂತ ತಡೆಯಿತು. ಯಮುನೆಯ ದಂಡೆಯ ಜಗಳ ಹಾಲಾಡಿಯ ಮೇಸ್ತ್ರಿಯ ಬಾಗಿಲಿಗೆ ಬಂದದ್ದು ಹೀಗೆ. 2016ರ ಜನವರಿಯಲ್ಲಿ ಕೇಂದ್ರ, ಸಣ್ಣ ಗಣಿಗಳ ಅನುಮತಿಗೆ ಜಿಲ್ಲಾಧಿಕಾರಿ ನೇತೃತ್ವದಲ್ಲೇ ಜಿಲ್ಲಾ ಪ್ರಾಧಿಕಾರ ಮಾಡಿ ಕೊಟ್ಟಿತು. ಅಬ್ಬ, ಕಚೇರಿ ಹತ್ತಿರ ಬಂತಲ್ಲ ಎನ್ನುವಷ್ಟರಲ್ಲಿ, 2018ರ ಸೆಪ್ಟೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ಆ ವ್ಯವಸ್ಥೆ ಸರಿಯಿಲ್ಲ ಎಂದಿತು. ಕಡತಗಳು ಮತ್ತೆ ಬೆಂಗಳೂರಿನ ದಾರಿ ಹಿಡಿದವು.

ದಾರಿ ಮುಚ್ಚಿದಾಗ ಹೊಯ್ಗೆ ನಿಲ್ಲಲಿಲ್ಲ, ರಾತ್ರಿಗೆ ಸರಿಯಿತು. 2017ರ ಏಪ್ರಿಲ್ 2ರ ರಾತ್ರಿ ಜಿಲ್ಲಾಧಿಕಾರಿ ಪ್ರಿಯಾಂಕಾ ಮೇರಿ ಫ್ರಾನ್ಸಿಸ್ ಮತ್ತು ಕುಂದಾಪುರದ ಉಪವಿಭಾಗಾಧಿಕಾರಿ ಶಿಲ್ಪಾ ನಾಗ್ ಅಕ್ರಮ ಮರಳುಗಾರಿಕೆಯ ದೂರು ಪರಿಶೀಲಿಸಲು ಕಂಡ್ಲೂರಿಗೆ ಹೋದರು. ವಾರಾಹಿ ಹೊಳೆಯ ದಂಡೆಯ ಊರು ಅದು, ಕುಂದಾಪುರದಿಂದ ಹೆಚ್ಚು ದೂರವಿಲ್ಲ. ಅಲ್ಲಿ ಗುಂಪೊಂದು ಅವರ ತಂಡದ ಮೇಲೆ ದಾಳಿ ಮಾಡಿತು. ಜೊತೆಗಿದ್ದ ಗ್ರಾಮಕರಣಿಕರು ಗಾಯಗೊಂಡರು. ಇಬ್ಬರು ಮಹಿಳಾ ಅಧಿಕಾರಿಗಳ ಮೇಲಿನ ಹಲ್ಲೆಯ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಸಭ್ಯರ ಊರು ಎಂದು ಹೆಸರಾದ ಜಿಲ್ಲೆ ತಲೆ ತಗ್ಗಿಸಿತು.

ಆ ರಾತ್ರಿಯ ಪರಿಣಾಮ ಕಂಡ್ಲೂರಿಗೆ ಮುಗಿಯಲಿಲ್ಲ. ಅಲ್ಲಿಂದ ಮುಂದೆ ಹೊಯ್ಗೆ ಎಂದರೆ ಪೊಲೀಸ್ ವಿಷಯ. ಮರಳು ಮಾಫಿಯಾ ಎಂಬ ಮಾತು ಎಲ್ಲರ ಬಾಯಲ್ಲಿ ಬಂತು. ನೂರು ಟಿಪ್ಪರಿನ ಒಡೆಯನಿಗೂ ಬಚ್ಚಲಿನ ಗೋಡೆಗೆ ಅರ್ಧ ಲೋಡ್ ತರುವ ಮೇಸ್ತ್ರಿಗೂ ಅದೇ ಮಾತು, ಅದೇ ಕಲಮು. ಪರವಾನಿಗೆಯಿಲ್ಲದ ಖನಿಜ ಸಾಗಾಟ ಎಂದರೆ ಕಾನೂನಿನ ಕಣ್ಣಿಗೆ ಕಳ್ಳತನ. ವಾಹನ ಜಪ್ತಿ, ರಾಜಧನದ ಹಲವು ಪಟ್ಟು ದಂಡ. ದೊಡ್ಡವನ ಒಂದು ಟಿಪ್ಪರ್ ಠಾಣೆಯ ಅಂಗಳದಲ್ಲಿ ನಿಂತರೆ ಉಳಿದವು ಓಡುತ್ತವೆ. ಬ್ಯಾಂಕಿನ ಸಾಲದಲ್ಲಿ ತಂದ ಒಂದೇ ಮಿನಿ ಲಾರಿ ಇದ್ದವನದ್ದು ಆ ದಿನವೇ ಕಸುಬು ಮುಗಿಯಿತು.

2018ರ ಅಕ್ಟೋಬರ್ ಹೊತ್ತಿಗೆ ಜಿಲ್ಲೆಯಲ್ಲಿ ಕಟ್ಟಡದ ಕೆಲಸ ಬಹುತೇಕ ನಿಂತಿತ್ತು. ಆ ತಿಂಗಳ ಕೊನೆಯಲ್ಲಿ ಮಣಿಪಾಲದಲ್ಲಿ ಜಿಲ್ಲಾಡಳಿತದ ಕಚೇರಿಯಾದ ರಜತಾದ್ರಿಯ ಎದುರು ಧರಣಿ ಶುರುವಾಯಿತು. ಶಾಸಕ ಕೆ. ರಘುಪತಿ ಭಟ್ ಮತ್ತು ಅವರ ಪಕ್ಷದ ಶಾಸಕರೇ ಕೂತರು, ರಾತ್ರಿಯೂ ಅಲ್ಲೇ ಉಳಿದರು. ಮುಖ್ಯ ಜಗಳ ಯಾರಿಗೆ ಪರ್ಮಿಟ್ ಎಂಬುದರ ಮೇಲೆ. ಹಿಂದಿನ ಪರವಾನಿಗೆದಾರರೆಲ್ಲರಿಗೂ ಕೊಡಿ ಎಂದು ಒಂದು ಕಡೆ. ನಿಜವಾದ ಸಾಂಪ್ರದಾಯಿಕರು ಕೆಲವರೇ, ಅವರಿಗೆ ಮಾತ್ರ ಎಂದು ಜಿಲ್ಲಾಡಳಿತ. ಎರಡೂ ಕಡೆ ನ್ಯಾಯವಿತ್ತು. ಆದರೆ ಈ ಚರ್ಚೆಯಲ್ಲಿ ಹೊಯ್ಗೆ ತೆಗೆಯುವವರ ಹೆಸರು ಬಂತು, ಸಾಗಿಸುವವರ ಹೆಸರು ಬಂತು. ಅದನ್ನು ಸಿಮೆಂಟಿಗೆ ಕಲೆಸಿ ಗೋಡೆ ಕಟ್ಟುವವನ ಮಾತು ಬಂದದ್ದು ಭಾಷಣದ ಕೊನೆಯಲ್ಲಿ ಮಾತ್ರ.

ಅವನ ಕಥೆ ಹೀಗಿತ್ತು. ಚದರಡಿಗೆ ಇಷ್ಟು ಎಂದು ವರ್ಷದ ಮೊದಲು ಒಪ್ಪಿಕೊಂಡ ಕೆಲಸ. ಹೊಯ್ಗೆಯ ದರ ಎರಡು ಪಟ್ಟು, ಮೂರು ಪಟ್ಟು ಏರಿತು. ಯಜಮಾನ ಊರಿನವನೇ, ನೆಂಟನೋ ಪರಿಚಯದವನೋ. ಮಾತು ತಪ್ಪಿದರೆ ಮುಂದಿನ ಮನೆ ಸಿಗದು. ಕೈಯಿಂದ ಹಾಕಿ ಮುಗಿಸಿದವರಿದ್ದಾರೆ, ಹೆಂಡತಿಯ ಚಿನ್ನ ಸೊಸೈಟಿಯಲ್ಲಿಟ್ಟು ಸ್ಲ್ಯಾಬ್ ಹಾಕಿದವರಿದ್ದಾರೆ. ಕೆಲಸ ನಿಂತ ದಿನಗಳಲ್ಲಿ ಒಳನಾಡಿನಿಂದ ಬಂದ ಕೂಲಿಯವರು ಊರಿಗೆ ಹೋದರು. ಮತ್ತೆ ಕರೆಸುವುದಕ್ಕೆ ಮತ್ತೆ ಮುಂಗಡ. ಆ ಎರಡು ಮೂರು ವರ್ಷಗಳಲ್ಲಿ ಒಂದು ಬದಲಾವಣೆ ಸದ್ದಿಲ್ಲದೆ ಆಯಿತು. ಸಾಮಾನು ಸಮೇತ ಕೆಲಸ ಹಿಡಿಯುತ್ತಿದ್ದ ಎಷ್ಟೋ ಜನ ಅದನ್ನು ಬಿಟ್ಟು ‘ಲೇಬರ್ ಕಾಂಟ್ರಾಕ್ಟ್’ ಮಾತ್ರ ಎಂದರು. ಹೊಯ್ಗೆ, ಕಲ್ಲು ನೀವೇ ತರಿಸಿ, ಕಟ್ಟಿ ಕೊಡುತ್ತೇವೆ. 1989ರ ನಂತರ ಮೇಸ್ತ್ರಿಯಿಂದ ಕಾಂಟ್ರಾಕ್ಟರ್ ಆದವನು ಮತ್ತೆ ಮೇಸ್ತ್ರಿಯಾದ. ಸಾಮಾನಿನಲ್ಲಿ ಸಿಗುತ್ತಿದ್ದ ನಾಲ್ಕು ಕಾಸು ಹೋಯಿತು, ಅಪಾಯವೂ ಹೋಯಿತು. ಒಂದು ಸ್ವಂತ ಉದ್ಯಮ ಹೀಗೆ ಕೂಲಿಗೆ ಇಳಿದದ್ದು ಯಾವ ಇಲಾಖೆಯ ವರದಿಯಲ್ಲೂ ದಾಖಲಾಗುವಂಥದ್ದಲ್ಲ.

ಅದೇ ಕಾಲಕ್ಕೆ ಕುಂದಾಪುರ ಪೇಟೆಯ ನಡುವೆ, ಶಾಸ್ತ್ರಿ ಸರ್ಕಲಿನಲ್ಲಿ, ರಾಷ್ಟ್ರೀಯ ಹೆದ್ದಾರಿಯ ಫ್ಲೈಓವರ್ ವರ್ಷಗಟ್ಟಲೆ ಅರ್ಧಕ್ಕೆ ನಿಂತಿತ್ತು. ದೊಡ್ಡ ಗುತ್ತಿಗೆಯ ತಡಕ್ಕೆ ಕಾಲಾವಧಿ ವಿಸ್ತರಣೆ ಎಂಬ ಏರ್ಪಾಡಿದೆ. ಸಣ್ಣ ಗುತ್ತಿಗೆಗೆ ಅದಿಲ್ಲ. ಗೃಹಪ್ರವೇಶದ ಮುಹೂರ್ತ ವಿಸ್ತರಣೆಯಾಗುವುದಿಲ್ಲ.

ಜಿಲ್ಲಾಡಳಿತ ಕೈಕಟ್ಟಿ ಕೂತಿರಲಿಲ್ಲ, ಅದನ್ನೂ ಹೇಳಬೇಕು. 2019ರಲ್ಲಿ ‘ಉಡುಪಿ ಇ-ಸ್ಯಾಂಡ್’ ಎಂಬ ಆ್ಯಪ್ ಬಂತು. ನಿಗದಿತ ದರಕ್ಕೆ ಮೊಬೈಲಿನಲ್ಲೇ ಹೊಯ್ಗೆ ಕಾದಿರಿಸುವ ವ್ಯವಸ್ಥೆ. ಒಳ್ಳೆಯ ಯೋಚನೆಯೇ, ಹೊಳೆಯಿಂದ ಹೊಯ್ಗೆ ಬರುತ್ತಿರುವವರೆಗೆ. 2020ರ ರಾಜ್ಯ ಮರಳು ನೀತಿ ಸಣ್ಣ ಹಳ್ಳ, ತೊರೆಗಳ ಮರಳನ್ನು ಗ್ರಾಮ ಪಂಚಾಯತ್‌ಗಳ ಕೈಗೆ ಕೊಟ್ಟಿತು. ನೀರು, ಕಸ, ಬೀದಿದೀಪ, ನರೇಗಾ ಎಲ್ಲವನ್ನೂ ಹೊತ್ತ ಪಂಚಾಯತ್ ಪಿಡಿಒ ಇನ್ನು ಮರಳಿನ ಬ್ಲಾಕೂ ನೋಡಿಕೊಳ್ಳಬೇಕಾಯಿತು. 2022ರಲ್ಲಿ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದ ಆದೇಶ ಬಂದ ಮೇಲೆ ಸಿಆರ್‌ಝಡ್ ದಿಬ್ಬಗಳ ತೆರವೂ ನಿಂತಿತು. ಆ್ಯಪ್ ಇದ್ದೇನು ಬಂತು?

ಹೊಯ್ಗೆ ಹೋದರೆ ಎಂ-ಸ್ಯಾಂಡ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಸ್ಲ್ಯಾಬಿಗೂ ಕಾಂಕ್ರೀಟಿಗೂ ಈಗ ಎಲ್ಲರೂ ಅದನ್ನೇ ಹಾಕುತ್ತಾರೆ. ಆದರೆ ಅದು ಬರುವುದು ಕ್ರಷರಿನಿಂದ. ಕ್ರಷರಿಗೆ 2011ರ ಪ್ರತ್ಯೇಕ ಕಾಯ್ದೆ, ಸುರಕ್ಷಿತ ವಲಯದ ಗುರುತು, ಕಲ್ಲುಗಣಿಯ ಗುತ್ತಿಗೆ, ಸ್ಫೋಟಕದ ಪರವಾನಿಗೆ. ಮುರಕಲ್ಲಿಗೂ ಕಾಲ ಬದಲಾಯಿತು. ಅಗಲವಾದ ಹಾಡಿಯ ಮೂಲೆಯಲ್ಲಿ ನಾಲ್ಕಾರು ಜನ ಕೊಡಲಿಯಿಂದ ಕಡಿದು ತೆಗೆಯುತ್ತಿದ್ದ ಕಲ್ಲನ್ನು ಈಗ ಯಂತ್ರ ಕೊಯ್ಯುತ್ತದೆ. ಕೊಯ್ಯಲು ಗಣಿ ಇಲಾಖೆಯ ಅನುಮತಿ, ರಾಜಧನ, ಸಾಗಾಟ ಪರವಾನಿಗೆ. 2023ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಉಡುಪಿ ಜಿಲ್ಲೆಯ ಕಟ್ಟಡ ಸಾಮಗ್ರಿ ಸಾಗಿಸುವ ಲಾರಿ, ಟೆಂಪೋ ಮಾಲಕರು ವಾಹನ ನಿಲ್ಲಿಸಿ ಮುಷ್ಕರ ಹೂಡಿದರು. ಹೆದ್ದಾರಿಯ ಬದಿಯಲ್ಲಿ ಟಿಪ್ಪರುಗಳು ಸಾಲಾಗಿ ನಿಂತವು. 2025ರ ಮಳೆಗಾಲದಲ್ಲಿ ನೆರೆಯ ದಕ್ಷಿಣ ಕನ್ನಡದಲ್ಲಿ ಅಕ್ರಮ ಕೆಂಪುಕಲ್ಲು, ಮರಳಿನ ಮೇಲೆ ಬಿಗಿ ಹೆಚ್ಚಿ, ಕಟ್ಟಡ ಕಾರ್ಮಿಕರು ಬೀದಿಗಿಳಿದರು. ಅಕ್ರಮ ನಿಲ್ಲಿಸಿದ್ದು ತಪ್ಪಲ್ಲ. ಸಕ್ರಮದ ಬಾಗಿಲು ಇಕ್ಕಟ್ಟಾಗಿಯೇ ಉಳಿದದ್ದು ತಪ್ಪು.

ಸಾಮಾನಿನ ಕಥೆ ಇದಾದರೆ ನೆಲದ್ದು ಇನ್ನೊಂದು. 2013ರಲ್ಲಿ ಇ-ಸ್ವತ್ತು ತಂತ್ರಾಂಶ ಬಂದ ಮೇಲೆ ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಮನೆ ಕಟ್ಟಲು ನಮೂನೆ 9 ಮತ್ತು 11 ಬೇಕಾದವು. ಜನರ ಬಾಯಲ್ಲಿ ಅದು ‘ನೈನ್ ಇಲೆವೆನ್’. ಬೆಂಗಳೂರಿನ ಸುತ್ತ ರೆವಿನ್ಯೂ ಸೈಟುಗಳ ಮೋಸ ತಡೆಯಲು ಇಂಥದ್ದೊಂದು ಬೇಕಿತ್ತು. ಆದರೆ ಅದನ್ನು ಬರೆದವರ ಮನಸ್ಸಿನಲ್ಲಿದ್ದ ಹಳ್ಳಿ ಬಯಲುಸೀಮೆಯದ್ದು: ನಡುವೆ ಗ್ರಾಮಠಾಣಾ, ಸಾಲು ಮನೆ, ಸುತ್ತ ಹೊಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಊರು ಹಾಗಿಲ್ಲ. ಇಲ್ಲಿ ಗದ್ದೆಯ ಅಂಚಿಗೊಂದು ಮನೆ, ತೋಟದ ಆಚೆ ಇನ್ನೊಂದು. ಎರಡರ ನಡುವೆ ಇಬ್ಬರು ಎದುರಾದರೆ ಒಬ್ಬರು ಸರಿಯಬೇಕಾದ ಓಣಿ. ಹೆಚ್ಚಿನ ಮನೆ ಇರುವುದೇ ಸ್ವಂತ ಪಟ್ಟೆ ಜಮೀನಿನ ಮೂಲೆಯಲ್ಲಿ. ಹತ್ತು ಸೆಂಟ್ಸ್ ಬಿಡಿಸಿ ಮಗಳಿಗೊಂದು ಮನೆ ಕಟ್ಟಬೇಕಾದರೆ 11ಇ ನಕ್ಷೆ, ಭೂಪರಿವರ್ತನೆ, ಆಮೇಲೆ ಏಕನಿವೇಶನ ವಿನ್ಯಾಸದ ಒಪ್ಪಿಗೆ, ಅದಕ್ಕೆ ಇಷ್ಟು ಅಗಲದ ರಸ್ತೆ, ಆಮೇಲೆ 9/11, ಆಮೇಲೆ ಪಂಚಾಯತ್ ಲೈಸೆನ್ಸ್. ವಿನ್ಯಾಸದ ಒಪ್ಪಿಗೆ ಪಂಚಾಯತಿನಿಂದ ಯೋಜನಾ ಪ್ರಾಧಿಕಾರದ ಕೈಗೆ ಹೋದ ಮೇಲೆ ಕಡತ ಇನ್ನೂ ನಿಧಾನವಾಯಿತೆಂದು ಕರಾವಳಿಯ ಪಂಚಾಯತ್ ಕಚೇರಿಗಳ ಎದುರು 2025ರಲ್ಲಿ ಪ್ರತಿಭಟನೆಗಳು ನಡೆದವು. ಈ ಕಾಗದಗಳೆಲ್ಲ ಮನೆಯ ಯಜಮಾನನವು, ಸರಿ. ಆದರೆ ಅವು ಕೈಸೇರುವವರೆಗೆ ಬ್ಯಾಂಕ್ ಸಾಲ ಬಾರದು, ಸಾಲ ಬಾರದೆ ಮೇಸ್ತ್ರಿಗೆ ಅಡ್ವಾನ್ಸ್ ಬಾರದು.

2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ಹೊಸ ತಾಲೂಕುಗಳಾದಾಗ ಕಚೇರಿ ಹತ್ತಿರ ಬಂತೆಂದು ಜನ ಸಂತೋಷಪಟ್ಟರು. ಪಹಣಿ, ಜಾತಿ ಪ್ರಮಾಣಪತ್ರದ ಮಟ್ಟಿಗೆ ಅದು ನಿಜ. ಕಟ್ಟುವವನಿಗೆ ಬೇಕಾದ ಕಚೇರಿಗಳು ಮಾತ್ರ ಮಣಿಪಾಲದಲ್ಲೇ ಉಳಿದವು. ಬೈಂದೂರಿನಿಂದ ಅಲ್ಲಿಗೆ ಸುಮಾರು 70 ಕಿಲೋಮೀಟರ್, ಒಂದು ದಿನದ ಕೂಲಿ. ಪಂಚಾಯತ್ ರಸ್ತೆ, ಮೋರಿಗಳ ಸಣ್ಣ ಟೆಂಡರ್ ಹಿಡಿಯುವವರ ಪಾಡು ಬೇರೆ: ಬಿಲ್ಲಿನಲ್ಲಿ ರಾಜಧನ ಮುರಿಯುತ್ತಾರೆ, ಒಂದು ಶೇಕಡಾ ಕಾರ್ಮಿಕ ಸೆಸ್ ಮುರಿಯುತ್ತಾರೆ. 2022ರ ಜುಲೈ 18ರಿಂದ ಸರಕಾರಿ ಕಾಮಗಾರಿಯ ಜಿಎಸ್‌ಟಿ 12ರಿಂದ 18 ಶೇಕಡಾಕ್ಕೆ ಏರಿದಾಗ, ಹಳೆಯ ದರಕ್ಕೆ ಒಪ್ಪಿಕೊಂಡ ಕೆಲಸದ ಹೊರೆ ಹೊತ್ತವರೂ ಇವರೇ. ಸಿಮೆಂಟಿನ ಮೇಲೆ 2017ರಿಂದ ಇದ್ದ 28 ಶೇಕಡಾ ತೆರಿಗೆ 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು.

ಹೊಳೆ ಉಳಿಯಬೇಕು. ಅದರ ಕಾವಲಿಗೆ ನಿಯಮವೂ ಬೇಕು, ಕಾಯುವ ಅಧಿಕಾರಿಗೆ ರಕ್ಷಣೆಯೂ ಬೇಕು. ಆದರೆ ಎಲ್ಲ ಕಾಗದಕ್ಕೂ ಅಕ್ಟೋಬರ್ ಕಾಯಬೇಕಾಗಿಲ್ಲ. ಮೇಲಿನ ಹೊಳೆಯ ಬ್ಲಾಕುಗಳ ಕಾಗದವನ್ನೆಲ್ಲ ಮಳೆಗಾಲದಲ್ಲೇ ಮುಗಿಸಿ ಇಡಿ; ಅಳಿವೆಯ ದಿಬ್ಬಗಳ ವಿಷಯ ಕಾನೂನಿನಲ್ಲಿ ಬಗೆಹರಿದ ದಿನ ಅವುಗಳ ಸರ್ವೆಯನ್ನು ಮಳೆ ನಿಂತ ವಾರವೇ ಮಾಡಿಸಿ. ಪಂಚಾಯತ್ ಲೈಸೆನ್ಸ್ ಇರುವ ಒಂದು ಮನೆಗೆ ಬೇಕಾಗುವಷ್ಟು ಹೊಯ್ಗೆ, ಕಲ್ಲಿನ ಪರ್ಮಿಟನ್ನು ಆ ಲೈಸೆನ್ಸಿನ ಜೊತೆಗೇ, ಕುಂದಾಪುರ, ಬೈಂದೂರು, ಬ್ರಹ್ಮಾವರದ ತಾಲೂಕು ಕಚೇರಿಯಲ್ಲೇ ಕೊಡಿ. ಜಿಲ್ಲಾಡಳಿತದ ಮುಂದೆ ಮೇಸ್ತ್ರಿಗಳು ಇಡಬಹುದಾದ ಬೇಡಿಕೆ ಇಷ್ಟೇ, ಮತ್ತು ಇದಕ್ಕೆ ಹೊಸ ಕಾಯ್ದೆಯೊಂದನ್ನು ಬರೆಯಬೇಕಾಗಿಲ್ಲ.